ಈ ವರ್ಷ ಕೆಂಪು

ಕೊರಿನ್‌ಳನ್ನು ನಾನು ಮೊದಲು ನೋಡಿದಾಗ ಅವಳ ಅಪ್ಪನ ಮಣಿಕಟ್ಟು ನನ್ನ ಮುಷ್ಟಿಯಲ್ಲಿತ್ತು.

ಓರೊವಿಲ್‌ನ ಚರ್ಚ್ ಹಾಲಿನಲ್ಲಿ ನಮ್ಮ ಕ್ಲಬ್ಬಿನ ಮಾಡೆಲ್ ಪ್ರದರ್ಶನ ನಡೆಯುತ್ತಿತ್ತು. ಮೇಜುಗಳ ತುಂಬ ಅಂಗೈಯಗಲದ ಕಾರು, ಟ್ರಕ್ಕುಗಳು. ಪ್ರತಿ ಮೇಜಿನ ಮೇಲೂ ‘ಕಣ್ಣಲ್ಲಿ ನೋಡಿ, ಕೈಯಲ್ಲಿ ಬೇಡ’ ಎಂಬ ಚೀಟಿ. ಕಪ್ಪು ಕನ್ನಡಕ ಹಾಕಿದ ವಯಸ್ಸಾದವರೊಬ್ಬರು ಬಂದು ನನ್ನ ಹಾಟ್ ರಾಡ್ ಟ್ರಕ್ಕಿನ ಕಡೆಗೆ ಕೈ ಚಾಚಿದರು. ಅದು ನನ್ನ ಹದಿನಾಲ್ಕು ತಿಂಗಳ ಕೆಲಸ. ಯೋಚಿಸದೆ ಅವರ ಕೈ ಹಿಡಿದೆ.

“ಚೀಟಿ ಓದಕ್ಕೆ ಬರಲ್ವಾ?”

“ಬರ್ತಿತ್ತು,” ಎಂದರು ಅವರು. “ಐದು ವರ್ಷದ ಹಿಂದೆ.”

ಹಿಂದೆ ನಿಂತಿದ್ದ ಮಗಳು ನನ್ನನ್ನೇ ನೋಡಿದಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಾಗಿತ್ತು. “ಅಪ್ಪನ ಕಣ್ಣು ಈಗ ಕೈಯಲ್ಲೇ ಇರೋದು,” ಎಂದಳು. “ಬಿಡ್ತೀರಾ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟ್ರಕ್ಕನ್ನು ಎತ್ತಿ ಅವರ ಅಂಗೈಯಲ್ಲೇ ಇಟ್ಟುಬಿಟ್ಟೆ. ಬೆರಳುಗಳು ಬಾನೆಟ್ಟು ದಾಟಿ, ಗಾಜು ದಾಟಿ, ಛಾವಣಿಗೆ ಬಂದು ನಿಂತವು. ಅಷ್ಟರಲ್ಲಿ ಟ್ರಕ್ಕಿನ ಪಕ್ಕದ ಪುಟ್ಟ ಕನ್ನಡಿಯೊಂದು ಮುರಿದು ಮೇಜಿನ ಮೇಲೆ ಬಿತ್ತು. ಕನ್ನಡಿ ಬಿದ್ದದ್ದನ್ನೂ ನಾನು ಸುಮ್ಮನಿದ್ದದ್ದನ್ನೂ ಅವಳು ನೋಡಿದಳು.

“ಛಾವಣಿ ಕುಯ್ದು ತಗ್ಸಿದೀಯ,” ಎಂದರು ಮುದುಕರು. “ನಮ್ ಗಾಡೀದೂ ಕುಯ್ದಿದ್ವಿ. ನಾನೂ ಒಪಾಲೂ.”

ಒಪಾಲ್ ಅವರ ಹೆಂಡತಿ. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮದುವೆಯಾದ ವರ್ಷ ಇಬ್ಬರೂ ಸೇರಿ ಐವತ್ತನೇ ಇಸವಿಯ ಫೋರ್ಡ್ ಪಿಕಪ್ ಒಂದನ್ನು ತಂದು, ಕುಯ್ದು, ಬೆಸೆದು, ತಗ್ಗಿಸಿ ಶೋಕಿಯ ಹಾಟ್ ರಾಡ್ ಮಾಡಿಕೊಂಡಿದ್ದರಂತೆ. ಎರಡು ವರ್ಷದ ಹಿಂದೆ ಬೆಟ್ಟದ ಕಾಡಿಗೆ ಹತ್ತಿದ ಬೆಂಕಿ ಮನೆಯನ್ನೂ ಗಾಡಿಯನ್ನೂ ನುಂಗಿತು. ಇವೆಲ್ಲ ಹೊರಗೆ ಪಾರ್ಕಿಂಗಿನಲ್ಲಿ ಕೊರಿನ್ ಹೇಳಿದ್ದು. ಅಪ್ಪ ಎಮೆಟ್ ಹಾಸ್ಕಿನ್ಸ್ ಕಾರಿನಲ್ಲಿ ಕೂತಿದ್ದರು.

“ಅಪ್ಪನ ಹಾರ್ಟು ಜೂನ್‌ವರೆಗೂ ಬರೋದು ಅನುಮಾನ ಅಂದಿದಾರೆ ಡಾಕ್ಟ್ರು,” ಎಂದಳು. “ಅಷ್ಟರೊಳಗೆ ಆ ಗಾಡಿ ಒಂದ್ಸಲ ಅವರ ಕೈಗೆ ಬರಬೇಕು. ಆಗುತ್ತಾ ನಿಮ್ಮಿಂದ?”

“ಫೋಟೊ ಕೊಡಿ.”

“ಎಲ್ಲಾ ಸುಟ್ಟೋಯ್ತು. ಅಪ್ಪನ ಬೆರಳಿದೆ, ಅಷ್ಟೇ.”

ನಾನು ಗ್ಯಾರೆಟ್ ಪ್ರೂಯಿಟ್, ಶಾಲೆಯ ಬಸ್ಸು ರಿಪೇರಿ ಮಾಡುವವನು. ಮದುವೆ ಮುರಿದು ಹನ್ನೊಂದು ವರ್ಷವಾಗಿತ್ತು. ಆಗಲಿ ಎಂದೆ. ಗಾಡಿಗಾಗಿ ಅಂದೆನೋ ಅವಳಿಗಾಗಿ ಅಂದೆನೋ, ಈಗ ಸುಳ್ಳು ಹೇಳುವ ಅಗತ್ಯವಿಲ್ಲ.

ಕೆಲಸ ಹೀಗೆ ಸಾಗಿತು. ಪ್ಲಾಸ್ಟಿಕ್ಕಿನ ಕಿಟ್ ತಂದು ನಾನು ಕುಯ್ಯುವುದು. ಗುರುವಾರ ಸಂಜೆ ಕೊರಿನ್ ಬಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅದನ್ನು ಅಪ್ಪನ ಬಳಿಗೆ ಒಯ್ಯುವುದು. ಮುಂದಿನ ಗುರುವಾರ ತೀರ್ಪು ಬರುತ್ತಿತ್ತು. ಮಡ್‌ಗಾರ್ಡಿನ ಉಬ್ಬು ಸರಿಹೋಗದಿದ್ದಾಗ ಹಸಿ ಪುಟ್ಟಿ ಮೆತ್ತಿ ಕಳಿಸಿದೆ. ಎಮೆಟ್ ಹೆಬ್ಬೆರಳಿನಿಂದ ಒತ್ತಿ ತಾವೇ ತಿದ್ದಿ ಕಳಿಸಿದರು.

“ಬಾಗಿಲ ಹತ್ರ ಇನ್ನೂ ಮೇಷ್ಟ್ರ ಥರ ಬಿಗಿಯಾಗಿದೆಯಂತೆ,” ಎನ್ನುತ್ತಿದ್ದಳು ಅವಳು, ಅಪ್ಪನ ಗಂಟಲಿನಲ್ಲೇ. “ಒಂಚೂರು ನಗಬೇಕಂತೆ.”

“ಬಾಗಿಲಾ, ನಾನಾ?”

“ಅಪ್ಪ ಹೇಳಿದ್ದು ಬಾಗಿಲಿಗೆ.” ತುಟಿಯಂಚು ಮಾತ್ರ ಅಲುಗುತ್ತಿತ್ತು. ಆ ಅಂಚನ್ನು ನೋಡಲು ನಾನು ಇಡೀ ವಾರ ಕಾಯುತ್ತಿದ್ದೆ.

ಅವಳು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ಹಲ್ಲು ಕೆರೆಯುವ ಸವೆದ ಕೊಕ್ಕೆಗಳನ್ನು ನನಗೆ ತಂದುಕೊಟ್ಟಳು. ಬಾಗಿಲ ಗೆರೆ ಕೆರೆಯಲು ಅದಕ್ಕಿಂತ ಒಳ್ಳೆಯ ಆಯುಧವಿಲ್ಲ.

“ಇದು ಎಷ್ಟು ಜನರ ಬಾಯೊಳಗೆ ಹೋಗಿಬಂದಿದೆ?”

“ಕುದಿಸಿದೀನಿ. ನಿಮ್ಮ ಬಾಯಿಗಂತೂ ಹಾಕಲ್ಲ. ಅದು ತೆಗೆಯೋದೇ ಅಪರೂಪ.”

ತೊಡಕಾದದ್ದು ಛಾವಣಿ. ಮೂರಿಂಚು ಕುಯ್ದದ್ದೋ ನಾಲ್ಕಿಂಚೋ? ಮಾಡೆಲಿನಲ್ಲಿ ಅದು ಒಂದೇ ಒಂದು ಮಿಲಿಮೀಟರಿನ ಅಂತರ. ಆದರೆ ಎಮೆಟ್‌ರ ಬೆರಳಿಗೆ ಅದು ಗೊತ್ತಾಗುತ್ತಿತ್ತು. ಒಂದು ವಾರ ಮೂರು ಅನ್ನುವರು, ಇನ್ನೊಂದು ವಾರ ನಾಲ್ಕು. ಕೊನೆಗೆ ಅವರಿಗೆ ನೆನಪಾದದ್ದು ಅಳತೆಯಲ್ಲ.

“ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟಾಗ ಅಮ್ಮ ಗಾಡಿ ಕಿಟಕಿಯೊಳಗೆ ತಲೆ ಹಾಕಿ ಮುತ್ತು ಕೊಡೋಳಂತೆ,” ಎಂದಳು ಕೊರಿನ್, ನನ್ನ ಮುಖ ನೋಡದೆ. “ತಲೆ ಎಡಕ್ಕೆ ವಾಲಿಸ್ಲೇಬೇಕಿತ್ತಂತೆ. ನೇರ ಬಂದ್ರೆ ಹಣೆ ತಾಗೋದಂತೆ.”

ಫ್ರಿಜ್ಜಿನ ಪೆಟ್ಟಿಗೆಯ ರಟ್ಟು ತಂದು ನಿಜವಾದ ಅಳತೆಯಲ್ಲಿ ಎರಡು ಕಿಟಕಿ ಕುಯ್ದೆ. ಗ್ಯಾರೇಜಿನಲ್ಲಿ ಸ್ಟೂಲು ಹಾಕಿ ಎಮೆಟ್ ಆಗಿ ಕೂತೆ. ಅವಳು ರಟ್ಟಿನ ಆಚೆ ನಿಂತಳು. ಮೂರಿಂಚು ತಗ್ಗಿಸಿದ ಕಿಟಕಿಯಲ್ಲಿ ಅವಳ ತಲೆ ನೇರವಾಗಿ ಒಳಗೆ ಬಂತು. ನಾಲ್ಕಿಂಚು ತಗ್ಗಿಸಿದ್ದರಲ್ಲಿ ಹಣೆ ತಾಗಿತು. ಅವಳು ತಲೆಯನ್ನು ಎಡಕ್ಕೆ ವಾಲಿಸಿದಳು, ಒಳಗೆ ಬಂದಳು, ಅಲ್ಲೇ ನಿಂತಳು.

ಅವಳ ರೆಪ್ಪೆಯ ಮೇಲೆ ಪ್ಲಾಸ್ಟಿಕ್ಕಿನ ಪುಡಿ ಕೂತಿತ್ತು. ಉಸಿರಿಗೆ ಪುದೀನದ ವಾಸನೆ.

“ನಾಲ್ಕು,” ಎಂದೆ.

“ನಾಲ್ಕು,” ಎಂದಳು. ತಲೆ ಹಿಂದಕ್ಕೆ ತೆಗೆದುಕೊಳ್ಳಲು ಅಷ್ಟೊಂದು ಹೊತ್ತು ಬೇಕಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, “ಊಟ ಮಾಡು, ಗ್ಯಾರೆಟ್. ಬರೀ ಕಾಫಿ ಕುಡೀಬೇಡ,” ಎಂದಳು.

ಬಣ್ಣ ಯಾವುದೆಂದು ಕೇಳಿಕಳಿಸಿದೆ. “ಒಪಾಲ್‌ಗೆ ಕೆಂಪು ಬೇಕಿತ್ತು,” ಎಂದು ಉತ್ತರ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವನು ನಾನು. ಇನ್ನೊಂದು ಮಾತು ಕೇಳಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ನನ್ನ ಬಣ್ಣಕ್ಕೆ ಹೆಸರಿದೆ. ಒಂಬತ್ತು ಕೋಟು ಕೆಂಪು ಹೊಡೆದೆ, ಪ್ರತಿ ಕೋಟನ್ನೂ ಉಜ್ಜಿದೆ, ಮುಖ ಕಾಣುವಂತೆ ಹೊಳಪು ಕೊಟ್ಟೆ. ನಿಜ ಹೇಳಬೇಕೆಂದರೆ ಆ ಹೊಳಪು ಕುರುಡು ಮುದುಕರಿಗಲ್ಲ, ಅವಳಿಗೆ.

ಏಪ್ರಿಲ್ ಮೊದಲ ವಾರ ನಾನೇ ಒಯ್ದೆ. ಎಮೆಟ್ ಹಾಸಿಗೆ ಹಿಡಿದಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ. ಗಾಡಿಯನ್ನು ಎದೆಯ ಮೇಲಿಟ್ಟೆ. ಬೆರಳುಗಳು ಒಂದು ಸುತ್ತು ಬಂದವು, ಇನ್ನೊಂದು ಸುತ್ತು ಬಂದವು.

“ಚೆನ್ನಾಗಿದೆ,” ಎಂದರು. “ಯಾರದಿದು?”

ಕೊರಿನ್ ಕಿಟಕಿಯ ಕಡೆಗೆ ತಿರುಗಿಕೊಂಡಳು.

“ಬೇಕಿತ್ತು ಅಂದೆ ಕಣೋ, ಹಚ್ಚಿದ್ವಿ ಅನ್ನಲಿಲ್ಲ. ನಮ್ದು ಕೊನೇವರೆಗೂ ಬಣ್ಣಕ್ಕೆ ಮೊದಲು ಹಚ್ಚೋ ಬೂದು ಪ್ರೈಮರಿನಲ್ಲೇ ಇತ್ತು. ಕೈಗೆ ತರಿತರಿ ಅಂತಿತ್ತು.” ಉಸಿರಿಗಾಗಿ ನಿಂತರು. “ಪ್ರತಿ ಏಪ್ರಿಲ್‌ಗೂ ಕೇಳೋಳು, ಎಮೆಟ್, ಈ ವರ್ಷ ಕೆಂಪು ಹಚ್ಚೋಣ್ವಾ? ನಾನು ಮುಂದಿನ ವರ್ಷ ಅನ್ನೋನು. ಐವತ್ತು ವರ್ಷ. ಅದು ಬಣ್ಣದ ಮಾತಲ್ಲ, ಮರಿ. ಮುಂದಿನ ವರ್ಷಾನೂ ಇರ್ತೀಯಾ ಅಂತ ಅವಳು ಕೇಳೋದು, ಇರ್ತೀನಿ ಅಂತ ನಾನು ಹೇಳೋದು.”

ಡಬ್ಬಿ ತೆಗೆದುಕೊಂಡು ಮನೆಗೆ ಬಂದೆ. ಅಳು ಬಂತು, ಅತ್ತೆ. ಆಮೇಲೆ ಗಾಡಿಯನ್ನು ಬ್ರೇಕ್ ಆಯಿಲಿನಲ್ಲಿ ಮುಳುಗಿಸಿದೆ. ಹಚ್ಚಿದ ಬಣ್ಣ ಬಿಡಿಸಲು ನಮ್ಮವರ ದಾರಿ ಅದು. ಮಾರನೆಯ ದಿನ ಬೆಳಿಗ್ಗೆಯೇ ಕೊರಿನ್ ರಜೆ ಹಾಕಿ ಬಂದಳು. ಪಕ್ಕಪಕ್ಕ ಕೂತು ಆ ಕೊಕ್ಕೆಗಳಿಂದ ಸಂದುಗಳ ಕೆಂಪನ್ನು ಕೆರೆದು ತೆಗೆದೆವು. ಮೊಣಕೈಗೆ ಮೊಣಕೈ ತಾಗುತ್ತಿತ್ತು. ಇಬ್ಬರೂ ಸರಿದು ಕೂರಲಿಲ್ಲ.

“ತಡವಾದ್ರೆ ನನ್ನ ಕ್ಷಮಿಸ್ತೀಯಾ?” ಎಂದು ಕೇಳಿದೆ.

“ಇಲ್ಲ,” ಎಂದಳು. “ಕೆರಿ.”

ತಡವಾಗಲಿಲ್ಲ. ಮೂರನೆಯ ದಿನ ಬರಿಯ ಬೂದು ಪ್ರೈಮರಿನ ಗಾಡಿ ಎಮೆಟ್‌ರ ಎದೆಯ ಮೇಲಿತ್ತು. ಹೆಬ್ಬೆರಳು ತಾನು ತಿದ್ದಿದ ಮಡ್‌ಗಾರ್ಡನ್ನು ಸವರಿತು. ಎರಡು ಬೆರಳು ಕಿಟಕಿಯ ಬಳಿಗೆ ಹೋಗಿ, ಎಡಕ್ಕೆ ವಾಲಿ, ಒಳಗೆ ಹೋದವು. ಆದರೂ ಅವರು ಏನನ್ನೋ ಹುಡುಕುತ್ತಿದ್ದರು.

“ಇಲ್ಲೊಂದು ಗೀರಿತ್ತು. ಕಿಟಕಿ ಮೇಲೆ. ಅವಳ ಕೂದಲ ಪಿನ್ನಿಂದು.”

ಕೊರಿನ್ ತನ್ನ ತಲೆಯಿಂದ ಪಿನ್ ತೆಗೆದು ನನ್ನ ಕಡೆಗೆ ಚಾಚಿದಳು. ಬೆರಳಚ್ಚು ಬಿದ್ದರೂ ಸಹಿಸದವನು ನಾನು. ಪಿನ್ನನ್ನು ಅವಳ ಕೈಗೇ ಮರಳಿ ಕೊಟ್ಟು ಗಾಡಿಯನ್ನು ಹಿಡಿದುಕೊಂಡೆ. ಅವಳು ಗೀರಿದಳು. ಎಮೆಟ್‌ರ ಬೆರಳು ಅಲ್ಲಿಗೆ ಬಂತು.

“ಬಂದ್ಯಾ?” ಎಂದರು. ಆ ಮಾತು ನಮಗಲ್ಲ. ಹನ್ನೆರಡು ದಿನದ ನಂತರ, ಬೆಳಗಿನ ಹೊತ್ತು, ಅದರ ಮೇಲೆ ಕೈಯಿಟ್ಟುಕೊಂಡೇ ಅವರು ಹೋದರು.

ಮಣ್ಣು ಮಾಡಿ ಬಂದ ಮೇಲೆ ಕೊರಿನ್‌ಳ ಸುದ್ದಿ ಇರಲಿಲ್ಲ. ಗುರುವಾರಗಳು ಖಾಲಿ ಬಂದು ಖಾಲಿ ಹೋದವು. ಕೆಲಸ ಮುಗಿದಿತ್ತು, ಅವಳು ಬರಲು ಕಾರಣ ಉಳಿದಿರಲಿಲ್ಲ. ಫೋನು ಎತ್ತಿಕೊಂಡು ಇಟ್ಟುಬಿಡುತ್ತಿದ್ದೆ.

ಐದನೆಯ ಗುರುವಾರ ಬಿಸ್ಕತ್ತಿನ ಡಬ್ಬಿ ಹಿಡಿದು ಅವಳು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. ಸೊರಗಿದ್ದಳು. ಗಾಡಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು.

“ಗ್ಯಾರೆಟ್,” ಎಂದಳು. “ಈ ವರ್ಷ ಕೆಂಪು ಹಚ್ಚೋಣ್ವಾ?”

ಮಂದಬುದ್ಧಿಯವನು ನಾನು, ಕೈ ತಾನಾಗಿ ಕೆಂಪಿನ ಡಬ್ಬಿಗೆ ಹೋಯಿತು. ಮುಚ್ಚಳ ಅರ್ಧ ತಿರುಗಿಸಿದ ಮೇಲೆ ಅವಳ ಮುಖ ನೋಡಿದೆ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಮುಚ್ಚಳವನ್ನು ಮತ್ತೆ ಬಿಗಿ ಮಾಡಿ ಡಬ್ಬಿಯನ್ನು ಮೇಲಿನ ಹಲಗೆಯಲ್ಲಿಟ್ಟೆ.

“ಮುಂದಿನ ವರ್ಷ,” ಎಂದೆ.

ಕೊರಿನ್ ಹತ್ತಿರ ಬಂದಳು. ನಡುವೆ ಈಗ ರಟ್ಟಿರಲಿಲ್ಲ, ಹಣೆಗೆ ತಾಗುವಂಥದ್ದು ಏನೂ ಇರಲಿಲ್ಲ. ಆದರೂ ಅವಳು ತಲೆಯನ್ನು ಎಡಕ್ಕೆ ವಾಲಿಸಿದಳು.