ವಧುವಿನ ಹೆಸರಿಗೆ ಗಡುವು

ಹುಡುಗಿಯನ್ನು ಕೇಳುವ ಮೊದಲೇ ಕಲ್ಯಾಣ ಮಂಟಪ ಬುಕ್ ಮಾಡಿದವನು ಹರಿಹರದ ಶಾಮಿಯಾನದ ಸಿದ್ದೇಶ್ ಒಬ್ಬನೇ ಇರಬೇಕು. ಬುಕ್ ಮಾಡಿದ್ದೂ ಆ ಹುಡುಗಿಯ ಹತ್ತಿರವೇ.

ದಾವಣಗೆರೆಯ ಆನೆಕೊಂಡದ ಆ ಮಂಟಪದ ಆಫೀಸಿನಲ್ಲಿ ಕೀರ್ತನಾ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಅದರಲ್ಲೊಂದು ಪುಟ್ಟ ರಿಮೈಂಡರ್. ಕ್ಯಾಲೆಂಡರಿನಲ್ಲಿ ದಿನ ಒತ್ತಿ ವಿಷಯ ಬರೆದಿಟ್ಟರೆ, ಹೊತ್ತಿಗೆ ಸರಿಯಾಗಿ ಟಿಣ್ ಎಂದು ಪರದೆಯ ಮೂಲೆಯಲ್ಲಿ ಹಳದಿ ಚೌಕ ಏಳುತ್ತದೆ. ಗಂಡು ಹೆಣ್ಣು ಇಬ್ಬರಲ್ಲಿ ಒಬ್ಬರ ಹೆಸರು ಬರದಿದ್ದರೂ ಆ ಬುಕಿಂಗನ್ನು ಎಂಟು ದಿನಕ್ಕೆ ಅಳಿಸಬೇಕೆಂದು ಓನರ್ ಪರಮೇಶ್ವರಪ್ಪನವರ ಕಟ್ಟಪ್ಪಣೆ.

ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಚೌಕ ಏಳುತ್ತಿತ್ತು: ‘ಮೇ 11. ವರ ಸಿದ್ದೇಶ್. ವಧು ಯಾರು, ಕೇಳು.’ ಅವಳು ಫೋನ್ ಮಾಡುತ್ತಿದ್ದಳು.

“ಹೆಣ್ಣಿನ ಹೆಸರು ಹೇಳ್ರಿ.”

“ಮನ್ಯಾಗೆ ಮಾತು ನಡದೈತ್ರೀ. ಮುಂದಿನ ವಾರ ಹೇಳ್ತೀನಿ.”

ಆ ಒಂದು ಫೋನಿಗಾಗಿ ಸಿದ್ದೇಶ್ ಉಳಿದ ಆರು ದಿನಗಳನ್ನು ಸಹಿಸಿಕೊಳ್ಳುತ್ತಿದ್ದ.

ಆರನೆಯ ಸೋಮವಾರ ಅವಳ ದನಿ ಬೇರೆಯಾಗಿತ್ತು. “ಹದಡಿ ಊರಿನ ಪಾರ್ಟಿಯವರು ಅದೇ ಡೇಟ್ ಕೇಳ್ಯಾರ. ಹನ್ನೆರಡಕ್ಕೆ ಫೋನ್ ಮಾಡ್ತಾರಂತೆ. ಅಷ್ಟರಾಗೆ ಹೆಸರು ಬರ್ಲಿಲ್ಲಾಂದ್ರೆ ಕೊಟ್‌ಬಿಡ್ತೀನಿ.”

ಡೇಟ್ ಹೋದರೆ ಸೋಮವಾರಗಳೂ ಹೋದವು. ಅವನ ಬೈಕು ದಾರಿಯ ಒಂದು ಹಂಪನ್ನೂ ಲೆಕ್ಕಕ್ಕಿಡಲಿಲ್ಲ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವನು ಅವಳ ಮೇಜಿನ ಮುಂದಿದ್ದ. ಹೆಲ್ಮೆಟ್ ತಲೆಯ ಮೇಲೇ ಇತ್ತು.

“ಮೊದ್ಲು ಅದನ್ನ ತೆಗೀರಿ. ಏನೂ ಕೇಳ್ಸಂಗಿಲ್ಲ.”

ತೆಗೆದ. ಬಿರುಗಾಳಿಯಲ್ಲೂ ಕಂಬ ನೆಟ್ಟವನಿಗೆ ಈಗ ಹೆಲ್ಮೆಟ್ ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಹೆಸರು?” ಅವಳ ಬೆರಳು ಕೀಬೋರ್ಡಿನ ಮೇಲೆ, ಕಣ್ಣು ಪರದೆಯ ಮೇಲೆ. ತುಟಿಯ ಒಂದು ಮೂಲೆ ಮಾತ್ರ ಅವಳ ಹತೋಟಿಯಲ್ಲಿರಲಿಲ್ಲ.

“ನೀವೇ ಹಾಕ್ಕೊಳ್ರಿ.”

“ನಾನು ಹೆಂಗೆ ಹಾಕ್ಲಿ? ಪಾರ್ಟಿಯವರೇ ಬಾಯಿಬಿಟ್ಟು ಹೇಳ್ಬೇಕು. ರೂಲ್ಸು.”

“ಕೀರ್ತನಾ,” ಎಂದುಬಿಟ್ಟ. “ನೀವೇ ರೀ. ಬ್ಯಾಡ ಅಂದ್ರೆ ಹದಡಿಯವರಿಗೆ ಕೊಡ್ರಿ, ಶಾಮಿಯಾನ ನಾನೇ ಹಾಕ್ತೀನಿ.”

ಅವಳು ನಕ್ಕುಬಿಟ್ಟಳು. “ರೂಲ್ಸು ಎಂಟೇ ದಿನ. ಅಳಿಸೋ ಬದ್ಲು ಐದು ವಾರ ರಿಮೈಂಡರ್ ಮುಂದಕ್ಕೆ ಹಾಕಿದ್ದು ಯಾರ್ರೀ? ಕಂಪ್ಯೂಟರ್ ತಾನಾಗೇ ಹಾಕ್ಕೊಂತೈತಾ?”

ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕುರ್ಚಿ ಬೇಕಾಯಿತು.

“ನಮ್ಮ ಅಪ್ಪಾಜಿನ ಕೇಳೋದು ಯಾವಾಗ?”

“ಇವತ್ತೇ ಅವ್ವನ್ನ ಕರ್ಕೊಂಡು ಬರ್ತೀನಿ!”

“ನಾಳೆ ಬರ್ರಿ. ತಲೆ ಬಾಚ್ಕೊಂಡು.”

ಫೋನ್ ಹೊಡೆದುಕೊಂಡಿತು. ಕೀರ್ತನಾ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡುತ್ತ ರಿಸೀವರ್ ಎತ್ತಿದಳು.

“ಇಲ್ರೀ ಅಣ್ಣಾರೆ, ಮೇ ಹನ್ನೊಂದು ಬುಕ್ ಆಗೈತಿ.”

ಯಾರ ಮದುವೆಯೆಂದು ಆ ಕಡೆಯವರು ಕೇಳಿರಬೇಕು. ಅವಳ ಕಿವಿ ಕೆಂಪಾಯಿತು.

“ನಂದೇ ರೀ.”