ಭಟ್ಟಿ ಗೋಡೆಯ ಗುಲಗಂಜಿ ಹುಳು

"ಇದು ಮೋಸ ಟೀಚರ್! ಗಂಗಾಶ್ರೀ ಹೊಲದಿಂದ ದೊಡ್ಡ ಹುಳ ಹಿಡ್ಕಂಬಂದು ಡಬ್ಬಿಗೆ ಹಾಕಿದಾಳೆ!"

ಕರುಣಾ ಕೂಗಿದ ರಭಸಕ್ಕೆ ಐದನೇ ಕ್ಲಾಸಿನವರೆಲ್ಲ ತಿರುಗಿ ನೋಡಿದರು.

ಗಂಗಾಶ್ರೀಯ ಡಬ್ಬಿಯಲ್ಲಿ ಕರಿ ಚುಕ್ಕಿಯ ಕೆಂಪು ಗುಲಗಂಜಿ ಹುಳುವೊಂದು ಠೀವಿಯಿಂದ ಓಡಾಡುತ್ತಿತ್ತು. ಕರುಣಾಳ ಡಬ್ಬಿಯಲ್ಲಿ ಇನ್ನೂ ಕಪ್ಪು ಮರಿಹುಳುಗಳೇ.

ಶಾಲೆಯ ಅಲಸಂದೆ ಬಳ್ಳಿಗೆ ರಸ ಹೀರುವ ಗಿಡಹೇನು ಮುತ್ತಿತ್ತು. ಔಷಧಿ ಹೊಡೆಯುವುದು ಬೇಡ, ಹೇನು ತಿನ್ನುವ ಗುಲಗಂಜಿ ಹುಳುಗಳನ್ನೇ ಸಾಕಿ ಬಿಡೋಣ ಎಂದು ಸರ್ವಮಂಗಳ ಟೀಚರ್ ಇಬ್ಬರಿಗೂ ಒಂದೇ ದಿನ ಮೊಟ್ಟೆ ಕೊಟ್ಟಿದ್ದರು. ಅದೂ ಒಂದೇ ಎಲೆಯ ಮೇಲಿನ ಮೊಟ್ಟೆ.

"ನಾನ್ಯಾಕೆ ಮೋಸ ಮಾಡ್ಲಿ? ನೀನೇ ಉಪವಾಸ ಕೆಡವಿದೀಯ. ಅದಕ್ಕೇ ನಿನ್ನವು ಬೆಳೆದಿಲ್ಲ" ಎಂದಳು ಗಂಗಾಶ್ರೀ.

ಕರುಣಾ ಟೀಚರ್ ಕಡೆ ತಿರುಗಿದಳು. "ದಿನಾ ಎರಡು ಸಲ ಹೇನಿರೋ ಕುಡಿ ಹಾಕೀನಿ ಟೀಚರ್..."

"ನಮ್ಮನೆಗೇ ಬಾ. ಎಲ್ಲಾ ತೋರಿಸ್ತೀನಿ!" ಗಂಗಾಶ್ರೀಗೆ ಒಂಚೂರೂ ಅಳುಕಿರಲಿಲ್ಲ.

ಸಂಜೆ ಕರುಣಾ ಮುಖ ಊದಿಸಿಕೊಂಡೇ ಬಂದಳು. ಗಂಗಾಶ್ರೀ ಡಬ್ಬಿ ಇಡುತ್ತಿದ್ದ ಮೂಲೆ ತೋರಿಸಿದಳು. ಅಲ್ಲಿ ಕೂತು ಗೋಡೆಗೆ ಒರಗಿದ ಕರುಣಾ ಥಟ್ಟನೆ ನೆಟ್ಟಗಾದಳು.

"ಏನೇ ಇದು, ಗೋಡೆ ಇಷ್ಟು ಬೆಚ್ಚಗೈತೆ!"

"ಹಿಂದುಗಡೆ ಅಪ್ಪನ ಮಂಡಕ್ಕಿ ಭಟ್ಟಿ ಐತಲ್ಲ, ದಿನಾ ಉರೀತದೆ" ಎಂದ ಗಂಗಾಶ್ರೀ ತಾನೂ ಗೋಡೆಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ಕೇಳಿದಳು, "ನೀನೆಲ್ಲಿ ಇಡ್ತೀಯ?"

"ಕಿಟಕಿ ಕಟ್ಟೆ ಮೇಲೆ."

ಜನವರಿಯ ಥಂಡಿ. ಬೆಳಿಗ್ಗೆ ಆ ಕಿಟಕಿಯಲ್ಲಿ ಎಂಥ ಗಾಳಿ ಬೀಸುತ್ತದೆಂದು ಗಂಗಾಶ್ರೀಗೆ ಗೊತ್ತಿತ್ತು.

"ನಿನ್ನ ಒಂದು ಮರೀನ ಇಲ್ಲಿ ಬಿಡು. ಏನಾಗ್ತದೆ ನೋಡೇಬಿಡೋಣ."

ಮಾರನೇ ದಿನ ಟೀಚರ್ ಹತ್ತಿರ ಥರ್ಮಾಮೀಟರ್ ಕೇಳಿ ತಂದರು. ಬೆಳಿಗ್ಗೆ ಗೋಡೆಯ ಹತ್ತಿರ ಇಪ್ಪತ್ತೊಂಬತ್ತು ಡಿಗ್ರಿ, ಕಿಟಕಿಯಲ್ಲಿ ಹದಿನೇಳು. ಇಬ್ಬರೂ ಮರಿಗಳಿಗೆ ಒಂದೇ ಗಿಡದ ಕುಡಿ ಹಾಕಿದರು. ಮೂರನೇ ದಿನಕ್ಕೆ ಗೋಡೆಯ ಹತ್ತಿರದ ಮರಿ ಎಲೆಗೆ ಅಂಟಿಕೊಂಡು ಕೋಶವಾಯಿತು. ಕಿಟಕಿಯವು ಇನ್ನೂ ತೆವಳುತ್ತಲೇ ಇದ್ದವು.

ಕ್ಲಾಸಿನಲ್ಲಿ ಕರುಣಾ ತಾನಾಗಿಯೇ ಎದ್ದು ನಿಂತಳು. "ಗಂಗಾಶ್ರೀ ಮೋಸ ಮಾಡಿಲ್ಲ ಟೀಚರ್. ಬೆಚ್ಚಗಿದ್ರೆ ಅವು ಬೇಗ ಬೆಳೀತವೆ."

ಗಂಗಾಶ್ರೀಗೆ ಕುಣಿಯಬೇಕೆನಿಸಬೇಕಿತ್ತು. ಅನಿಸಲಿಲ್ಲ. ಅವಳೂ ಎದ್ದಳು. "ಕರುಣಾನೂ ಉಪವಾಸ ಕೆಡವಿರಲಿಲ್ಲ ಟೀಚರ್. ನನ್ನಷ್ಟೇ ತಿನ್ಸಿದ್ಲು. ನಾನು ಸುಮ್‌ಸುಮ್ನೆ ಹಂಗಂದೆ."

ಕರುಣಾ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು.

ಇನ್ನೂ ಹತ್ತು ದಿನ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಕರುಣಾ ಗಂಗಾಶ್ರೀಯ ಮನೆಗೆ ಓಡಿಬಂದಳು. "ಬಾರೇ, ಒಂದು ಕೋಶ ಬಿರೀತೈತೆ!"

ಇಬ್ಬರೂ ಕರುಣಾಳ ಕಿಟಕಿ ಕಟ್ಟೆಯ ಹತ್ತಿರ ತಲೆಗೆ ತಲೆ ತಾಗಿಸಿ ಡಬ್ಬಿಯೊಳಗೆ ಇಣುಕಿದರು. ಹೊರಬಂದ ಹುಳು ಕೆಂಪಗಿರಲಿಲ್ಲ. ಬೆಣ್ಣೆಯಂತೆ ತಿಳಿಹಳದಿ, ಮೈಮೇಲೆ ಒಂದೂ ಚುಕ್ಕಿಯಿಲ್ಲ.

"ನಿಂದೂ ಹಿಂಗೇ ಇತ್ತಾ?" ಕರುಣಾ ಪಿಸುಗುಟ್ಟಿದಳು.

ಗಂಗಾಶ್ರೀ ನೆನಪು ಮಾಡಿಕೊಂಡಳು. ಅವತ್ತು ಕೆಂಪು ಕಂಡದ್ದೇ ತಡ, ಎಲ್ಲರಿಗಿಂತ ಮೊದಲು ತೋರಿಸಬೇಕೆಂದು ಸ್ಕೂಲಿಗೆ ಓಡಿದ್ದಳು.

"ಗೊತ್ತಿಲ್ಲ ಕಣೇ, ನಾನು ನೋಡೇ ಇಲ್ಲ" ಎಂದಳು. ಮನೆಯಿಂದ ತಿಂಡಿಗೆ ಕರೆ ಬಂದರೂ ಮೊದಲ ಚುಕ್ಕಿ ಮೂಡುವವರೆಗೆ ಅವಳು ಅಲ್ಲಿಂದ ಏಳಲಿಲ್ಲ.