ಕತ್ತರಿಸಿದ ರಿಹರ್ಸಲ್

ಅಭಿನಯಾ ನಮ್ಮ ಪೀಳಮೇಡಿನ ಮನೆಯ ಜಗುಲಿಯಲ್ಲಿ ಕೂತಳು, ಎದ್ದಳು, ಮತ್ತೆ ಫೋನ್ ನೋಡಿದಳು.

"ಭೂಪತಿ ಮಾಮಾ, ಸಾಯಂಕಾಲ ಮೀಟಿಂಗ್‌ನಲ್ಲಿ ನನ್ನ ಕೋರ್ಸ್ ನಿಲ್ಲಿಸ್ತಾರೆ. ನನ್ನನ್ನೂ ಮನೆಗೆ ಕಳಿಸ್ತಾರೆ."

ಭೂಪತಿ ವಿಮೆಯ ಸುಳ್ಳು ಕ್ಲೇಮುಗಳನ್ನು ಹಿಡಿದೇ ನಿವೃತ್ತನಾದವನು. ನಾನು ಅವನ ಮಹಡಿಯ ಬಾಡಿಗೆದಾರ. ಅವನ ಕಾಫಿಗೂ ಕೇಸುಗಳಿಗೂ ಕಾಯಂ ಸಾಕ್ಷಿ.

ಪರದೆಯ ಮುಂದೆ ನಿಂತು ವಿಷಯ ಮಂಡಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಅಭಿನಯಾ ತನ್ನ ಕಾಲೇಜಿಗೆ ಆನ್‌ಲೈನ್ ಕೋರ್ಸೊಂದನ್ನು ಸಿದ್ಧಪಡಿಸಿದ್ದಳು. ರಿಹರ್ಸಲ್ ನಡುವೆ ಅಮ್ಮನ ಫೋನ್ ಬಂದಾಗ ಮೈಕ್ ಆರಿಸುವುದನ್ನು ಮರೆತು, "ಚೇರ್ಮನ್ ಮುಖ ಗಂಜಿ ಹಾಕಿದ ಬಟ್ಟೆ ಇದ್ದಂಗೆ. ಈ ಪಾಠ ಮೊದ್ಲು ಅವ್ರಿಗೇ ಬೇಕು" ಎಂದಿದ್ದಳು. ಯಾರೋ ಅಷ್ಟನ್ನೇ ಕತ್ತರಿಸಿ, ತಮಿಳು ಅನುವಾದದ ಸಮೇತ ಚೇರ್ಮನ್ನರಿಗೆ ಕಳಿಸಿದ್ದರು. ಪೂರ್ತಿ ರೆಕಾರ್ಡಿಂಗ್ ಮಾಯವಾಗಿತ್ತು.

"ನನ್ನ ಬಿಟ್ರೆ ಆ ರೆಕಾರ್ಡಿಂಗ್ ತೆರೆಯಕ್ಕೆ ಆಗೋದು ವಿಮಲ್‌ಗೂ ಸೆಂದಿಲ್ ಸಾರ್‌ಗೂ ಮಾತ್ರ. ಇಬ್ರಿಗೂ ಕನ್ನಡ ಬರಲ್ಲ ಮಾಮಾ. ಅದಕ್ಕೇ ಅವ್ರೆದುರೇ ಧೈರ್ಯವಾಗಿ ಮಾತಾಡ್ದೆ."

"ಈ ತಮಿಳು ಊರಲ್ಲಿ ನಮ್ಮೋರೆಲ್ಲ ಮಾಡೋ ತಪ್ಪೇ ಅದು," ಎಂದ ಭೂಪತಿ.

ಮಧ್ಯಾಹ್ನ ಇಬ್ಬರನ್ನೂ ಕರೆಸಿದ. ವಿಮಲ್ ವಿಡಿಯೋ ಜೋಡಿಸುವವನು. ಕುನ್ನತ್ತೂರಿನ ಸೆಂದಿಲ್ ಅಭಿನಯಾಳ ಜೊತೆಯ ಉಪನ್ಯಾಸಕ. ಅಭಿನಯಾ ಹೋದರೆ ಕೋರ್ಸ್ ಅವನ ಕೈಗೆ. ಇಬ್ಬರೂ ಜಗುಲಿಯಲ್ಲಿ ನಿಂತಿದ್ದಾಗ ಭೂಪತಿಯ ಹೆಂಡತಿ ಸುಬ್ಬಾತಾಳ್ ಅಡಿಗೆಮನೆಯಿಂದಲೇ ಕನ್ನಡದಲ್ಲಿ ಕೂಗಿದಳು: "ಏನ್ರೀ, ಗೋಡೆ ಇನ್ನೂ ಹಸಿ. ಯಾರೂ ಒರಗದಂಗೆ ನೋಡ್ಕೊಳ್ಳಿ."

ಒರಗಲು ಹೊರಟಿದ್ದ ಸೆಂದಿಲ್ ನೆಟ್ಟಗೆ ನಿಂತ. ಆಮೇಲೆ ವಿಮಲ್ ಹಾಯಾಗಿ ಒರಗಿದ. ಅವನ ಕಪ್ಪು ಅಂಗಿಯ ಬೆನ್ನೆಲ್ಲ ಸುಣ್ಣ. ಕನ್ನಡ ಬರುತ್ತದೆಯೇ ಎಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ: ಒಂದಕ್ಷರವೂ ಇಲ್ಲ.

ಸಾಯಂಕಾಲ ಎಲ್ಲರೂ ಪರದೆಯ ಮೇಲೆ ಸೇರಿದರು. ಚೇರ್ಮನ್ ಬೆಟ್ಟದ ಮೇಲಿನ ವಾಲ್ಪಾರೈಯಿಂದ ಮೂಡುತ್ತ ಮಾಯವಾಗುತ್ತ ಇದ್ದರು.

"ಮಾಮಾ, ಕ್ಯಾಮೆರಾ ನೋಡಿ ಮಾತಾಡಿ," ಅಭಿನಯಾ ಪಿಸುಗುಟ್ಟಿದಳು.

"ನಾನು ನೋಡ್ಬೇಕಾಗಿರೋದು ಬೇರೆಯವ್ರನ್ನಮ್ಮ," ಎಂದು ಭೂಪತಿ ತಮಿಳಿಗೆ ಹೊರಳಿದ. "ಅಷ್ಟುದ್ದದ ರಿಹರ್ಸಲ್‌ನಲ್ಲಿ ಕನ್ನಡ ಇದ್ದದ್ದು ಒಂದೇ ಕಡೆ. ಅದರಲ್ಲೂ ಬೈಗುಳ ಎಲ್ಲಿ ಮುಗೀತು ಅಂತ ತಿಳಿದು ಕತ್ತರಿಸಬೇಕಾದರೆ ಭಾಷೆ ಬರಬೇಕು. ಇಬ್ಬರೂ ಬರಲ್ಲ ಅಂದ್ರು. ಆದ್ರೆ ನನ್ನ ಹೆಂಡತಿ ಗೋಡೆ ಹಸಿ ಅಂತ ಕನ್ನಡದಲ್ಲಿ ಕೂಗಿದಾಗ ಒಬ್ಬರ ಅಂಗಿ ಉಳೀತು. ಸೆಂದಿಲ್ ಸಾರ್, ಸುಳ್ಳು ಯಾಕೆ ಹೇಳಿದ್ರಿ?"

ಸೆಂದಿಲ್‌ನ ಬಾಯಿ ಆಡಿತು, ಶಬ್ದವಿಲ್ಲ.

"ಸಾರ್, ಮ್ಯೂಟ್‌ನಲ್ಲಿದ್ದೀರಿ," ಎಂದಳು ಅಭಿನಯಾ, ಅಭ್ಯಾಸಬಲದಿಂದ.

"ನಮ್ಮ ಮನೇಲೂ ಕನ್ನಡಾನೇ," ಎಂದ ಆತ, ಮೊದಲ ಬಾರಿಗೆ ಕನ್ನಡದಲ್ಲಿ. "ಕೋರ್ಸ್ ನನಗೆ ಸಿಗಬೇಕಿತ್ತು. ಅಳಿಸೋ ಮುಂಚೆ ಒಂದು ಕಾಪಿ ಇಟ್ಕೊಂಡಿದ್ದೆ."

ಭೂಪತಿಯಿಂದ ತಮಿಳಿನಲ್ಲಿ ವಿಷಯ ತಿಳಿದ ಚೇರ್ಮನ್ ಸೆಂದಿಲ್‌ಗೆ, "ಪೂರ್ತಿ ಹಾಕಿ. ತಮಿಳಲ್ಲಿ ನೀವೇ ಹೇಳಿ," ಎಂದರು.

ಅಭಿನಯಾಳ ಉಳಿದ ಮಾತು ಕೇಳಿಸಿತು: "ಆದ್ರೆ ಅಮ್ಮ, ಎಲ್ರೂ ಬೇಡ ಅಂದಾಗ ನನ್ನ ನಂಬಿದ್ದು ಅವ್ರೊಬ್ರೇ. ಅವ್ರ ಮುಖ ಉಳಿಸ್ಬೇಕು."

ಸೆಂದಿಲ್ ಅದನ್ನು ತಮಿಳಿನಲ್ಲಿ ಹೇಳಿದ, ಕ್ಯಾಮೆರಾ ನೋಡಲಿಲ್ಲ.

ಚೇರ್ಮನ್ ಕದಲದೆ ಕೂತಿದ್ದರು. ನಿಂತದ್ದು ನೆಟ್‌ವರ್ಕೋ ಮನುಷ್ಯನೋ ಎಂದು ನಮಗೆ ತಿಳಿಯಲಿಲ್ಲ.

"ಅಭಿನಯಾ, ಸೋಮವಾರ ಪಾಠ ಶುರು ಮಾಡಮ್ಮ," ಎಂದರು ಕೊನೆಗೆ. "ಸೆಂದಿಲ್, ನೀವು ನಾಳೆ ಖುದ್ದಾಗಿ ಬಂದು ನನ್ನನ್ನ ನೋಡಿ. ಪರದೆ ಮೇಲೆ ಬೇಡ."